ಗೇಣು, ಮೊಳ, ಮಾರು

ಮಾಬ್ಲ ಗೌಡನ ಬಂದೂಕಿಗೆ ಗುರಿಯೇ ಇಲ್ಲ ಎಂದು ಹಿಲ್ಲೂರಿನವರು ಆಡಿಕೊಳ್ಳುತ್ತಿದ್ದುದು ಆ ಬಂದೂಕಿಗೆ ಮಾಡಿದ ದೊಡ್ಡ ಅನ್ಯಾಯ. ಗುರಿ ಇತ್ತು. ಹಾರಿಸಿದಾಗಲೆಲ್ಲ ಅದು ಏನನ್ನಾದರೂ ಹೊಡೆದೇ ಹೊಡೆಯುತ್ತಿತ್ತು. ಮಾಬ್ಲ ಹೊಡೆಯಬೇಕೆಂದುಕೊಂಡದ್ದು ಬೇರೆ ಇರುತ್ತಿತ್ತು, ಅಷ್ಟೇ.

ಬಂದೂಕು ಅಂಥಿಂಥದಲ್ಲ. ಬಿಳಿಯರ ಕಾಲದಲ್ಲಿ ಜಂಗಲ್ ಖಾತೆಯ ದೊರೆಯೊಬ್ಬ ತನ್ನ ಊರಿಗೆ ಮರಳುವಾಗ ಮಾಬ್ಲನ ಅಜ್ಜನಿಗೆ ಕೊಟ್ಟುಹೋದ ರೈಫಲ್ಲು. ದೊರೆ ಅದನ್ನು ತನ್ನೊಂದಿಗೆ ಯಾಕೆ ಒಯ್ಯಲಿಲ್ಲ ಎಂಬ ಪ್ರಶ್ನೆ ಮೂರು ತಲೆಮಾರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾಬ್ಲನ ಅಪ್ಪ ಬೊಮ್ಮ ಗೌಡ ಅದರಿಂದ ಹಾರುವ ಹಕ್ಕಿಯ ಕಣ್ಣಿಗೇ ಹೊಡೆಯುತ್ತಿದ್ದನಂತೆ. ಯಾವ ಕಣ್ಣಿಗೆ ಎಂದು ಕೇಳಿದರೆ ಹೇಳುವವರಿಗೆ ಸಿಟ್ಟು ಬರುತ್ತಿತ್ತು. ಒಟ್ಟಿನಲ್ಲಿ ಅದು ‘ಬಂದೂಕಿನ ಮನೆ’ ಎನಿಸಿಕೊಂಡಿತ್ತು. ಕೇರಿಯಲ್ಲಿ ಮದುವೆಯಾಗಲಿ, ಹೆಸರಿಡುವುದಾಗಲಿ, ಕವಳದ ಹರಿವಾಣ ಮೊದಲು ಬರುವುದು ಬಂದೂಕಿನ ಮನೆಯವನ ಎದುರಿಗೆ. ಅವನು ಎಲೆ ಎತ್ತಿಕೊಂಡು, ಸುಣ್ಣ ಹಚ್ಚಿ, ಬಾಯಿಗಿಟ್ಟ ಮೇಲೆಯೇ ಉಳಿದವರ ಕೈ ಮುಂದೆ ಬರಬೇಕು. ಮಾಬ್ಲನಿಗೆ ಎರಡು ಎಕರೆ ಗದ್ದೆಯಿತ್ತು, ಒಂದು ಎಮ್ಮೆಯಿತ್ತು, ಮುಂಗೋಪದ ಹೆಂಡತಿಯಿದ್ದಳು. ಇವೆಲ್ಲ ಉಳಿದವರಿಗೂ ಇದ್ದವು. ಮೊದಲ ಕವಳ ಅವನೊಬ್ಬನಿಗೇ ಇತ್ತು.

ಲೈಸನ್ಸಿನ ಪುಸ್ತಕದಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದು ಬರೆದಿತ್ತು. ಕಾಡುಹಂದಿಗಳಿಗೆ ಅದನ್ನು ಓದಿ ಹೇಳುವ ವ್ಯವಸ್ಥೆ ಸರಕಾರ ಮಾಡಿರಲಿಲ್ಲವಾದ್ದರಿಂದ ಅವು ಪ್ರತಿವರ್ಷ ಬಂದು ತಮ್ಮ ಪಾಲು ತಿಂದುಹೋಗುತ್ತಿದ್ದವು.

ಬಂದೂಕಿನ ದೇಖರೇಖಿ ಹೆಂಡತಿ ಗಂಗೆಯದು. ಪ್ರತಿ ಆಯುಧ ಪೂಜೆಗೆ ಅವಳು ಅದನ್ನು ಮಣೆಯ ಮೇಲೆ ಮಲಗಿಸಿ, ಚೆಂಡುಹೂವು ಏರಿಸಿ, ನಳಿಗೆಯ ತುದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಟ್ಟು ಮೇಲೆ ಅಕ್ಷತೆ ಒತ್ತುತ್ತಿದ್ದಳು. ಕೂರುವುದು ಯಾವಾಗಲೂ ಮಣೆಯ ಬಲಕ್ಕೆ. ಬೊಟ್ಟೂ ಬಲಮಗ್ಗುಲಿಗೆ. ಮಾವ ಬೊಮ್ಮ ಗೌಡನಿಗೆ ಭಕ್ತಿ ಕಡಿಮೆ. ಮರುದಿನ ಬೆಳಗಾದರೆ ಪಂಚೆಯ ಚುಂಗಿನಿಂದ ಅದನ್ನು ಒರೆಸಿಬಿಡುತ್ತಿದ್ದ. ‘ದೇವರ ಕುಂಕುಮ ಒರೆಸ್ತಾರೋ?’ ಎಂದು ಗಂಗೆ ಒಳಗೊಳಗೇ ಕುದಿಯುತ್ತಿದ್ದಳು. ಎಂಬತ್ತೆರಡನೇ ಇಸವಿಯಲ್ಲಿ ಮಾವ ತೀರಿಕೊಂಡ. ಆಮೇಲೆ ಆ ಮನೆಯಲ್ಲಿ ಭಕ್ತಿಗೆ ಯಾವ ಅಡ್ಡಿಯೂ ಉಳಿಯಲಿಲ್ಲ.

ಎಂಬತ್ತೆಂಟರ ದಸರೆ ಮುಗಿದು ಭತ್ತ ಹಣ್ಣಾಗುತ್ತಿದ್ದ ಕಾಲ. ಬೆಳಕು ಹರಿಯುವ ಹೊತ್ತಿಗೆ ಗದ್ದೆಯಲ್ಲಿ ಹಂದಿ ಕಂಡಿತು. ಮಾಬ್ಲ ಉಸಿರು ಹಿಡಿದು, ಒಂದು ಕಣ್ಣು ಮುಚ್ಚಿ, ಗುಂಡು ಹಾರಿಸಿದ. ಹಂದಿಗೆ ಒಂದು ಗೇಣು ಎಡಕ್ಕೆ, ಗದ್ದೆಯಂಚಿನಲ್ಲಿ, ಪಕ್ಕದ ಗದ್ದೆಯ ಸುಕ್ರ ಗೌಡ ಹಕ್ಕಿ ಹೆದರಿಸಲು ನಿಲ್ಲಿಸಿದ್ದ ಬೆರ್ಚಪ್ಪ ಇತ್ತು. ಬೆರ್ಚಪ್ಪನಿಗೆ ಸುಕ್ರ ತನ್ನದೇ ಹಳೆಯ ಕೆಂಪು ಚೌಕಳಿ ಅಂಗಿ ತೊಡಿಸಿದ್ದ. ಗುಂಡು ಸರಿಯಾಗಿ ಎದೆಯ ಕಿಸೆಗೆ ಬಡಿದು ಬೆರ್ಚಪ್ಪ ಅಂಗಾತ ಬಿತ್ತು. ಹಂದಿ ಅದನ್ನೊಮ್ಮೆ ನೋಡಿ, ಮಾಬ್ಲನನ್ನೊಮ್ಮೆ ನೋಡಿ, ತಿನ್ನುತ್ತಿದ್ದ ತೆನೆಯನ್ನು ಪೂರ್ತಿ ಮುಗಿಸಿ ಹೋಯಿತು.

ಅದೇ ಹೊತ್ತಿಗೆ ಬಾಳೆ ಎಲೆಯ ಕಟ್ಟು ಹೊತ್ತು ಅಂಕೋಲೆಯ ಮೊದಲ ಬಸ್ಸಿಗೆ ಓಡುತ್ತಿದ್ದ ನೆರೆಮನೆಯ ತಿಮ್ಮು ರಸ್ತೆಯಿಂದ ಇದನ್ನು ಕಂಡ. ಮಾಬ್ಲ ಬಂದೂಕು ಎತ್ತಿದ್ದು ಕಂಡ, ಢಂ ಎಂದದ್ದು ಕೇಳಿದ, ಊರಿಗೆಲ್ಲ ಪರಿಚಯವಿದ್ದ ಸುಕ್ರನ ಕೆಂಪು ಚೌಕಳಿ ಅಂಗಿ ಭತ್ತದೊಳಗೆ ಮುಗುಚಿದ್ದು ಕಂಡ. ನಿಂತು ವಿಚಾರಿಸುವಷ್ಟು ಮನುಷ್ಯತ್ವ ಅವನಲ್ಲಿತ್ತು. ಆದರೆ ಬಸ್ಸು ಹಾರ್ನ್ ಹಾಕಿತು.

ಬಸ್ಸು ಅಂಕೋಲೆ ಮುಟ್ಟುವುದರೊಳಗೆ ಸುಕ್ರ ಗೌಡ ಸತ್ತಿದ್ದ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನಿಗೆ ಎರಡು ಗುಂಡು ತಾಗಿದ್ದವು. ಬೊಬ್ರುವಾಡಕ್ಕೆ ಸುದ್ದಿ ಹೋಗುವಾಗ ಕಡೆಯ ಮಾತುಗಳನ್ನೂ ಆಡಿ ಮುಗಿಸಿದ್ದ. ಬೊಬ್ರುವಾಡದಲ್ಲಿ ಅವನ ಸೋದರತ್ತೆ ಹೊನ್ನತ್ತೆ ಇದ್ದಳು. ಸುತ್ತಲ ನಾಲ್ಕು ಊರಿನಲ್ಲಿ ಸಾವಿನ ಮನೆಯ ಹಾಡಿಗೆ ಅವಳ ಸರಿಸಮ ಇರಲಿಲ್ಲ.

ಮಧ್ಯಾಹ್ನದ ಬಸ್ಸಿನಿಂದ ಹೊನ್ನತ್ತೆ ಐವರು ಹೆಂಗಸರೊಂದಿಗೆ ಇಳಿದಳು. ರಸ್ತೆಯಿಂದಲೇ ಹಾಡು ಶುರುವಾಯಿತು. ‘ಬಂಗಾರದಂಥಾ ಸುಕ್ರಾ, ಅತ್ತೆಗೆ ಒಂದು ಮಾತು ಎದುರಾಡದವನೇ, ಕೇಳಿದವರಿಗೆಲ್ಲ ಕೈಯೆತ್ತಿ ಕೊಟ್ಟವನೇ…’ ಸುಕ್ರ ಅಂಗಳದಲ್ಲಿ ಕೂತು ಒಣಮೀನು ಸುಟ್ಟುಕೊಂಡು ಗಂಜಿ ಉಣ್ಣುತ್ತಿದ್ದ. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಗಂಜಿಯ ಬಟ್ಟಲು ಹಿಡಿದೇ ಎದ್ದು ನಿಂತ.

ಹಾಡು ನಿಂತಿತು.

“ಏ ಸುಕ್ರಾ! ನೀ ಸತ್ತಿಲ್ವಾ?”

“ಇಲ್ಲ ಅತ್ತೆ. ಗಂಜಿ ಉಣ್ತೆ ಇದ್ದೆ.”

“ಗಂಜಿ ಉಣ್ತಾನಂತೆ ಗಂಜಿ! ಐದ್ ಜನರ ಕರ್ಕಂಡಿ, ಬಸ್ಸಲ್ಲಿ ನಿಂತ್ಕಂಡಿ, ಗಂಟ್ಲು ಹರಕಂಡಿ ಬಂದಿದ್ದೆ ನಾನು. ಬದ್ಕಿದ್ದೆ ಹೇಳಿ ಒಂದ್ ಮಾತು ಹೇಳಿ ಕಳಸೂಕೆ ನಿಂಗೆ ಏನಾಗಿತ್ತು?”

“ನಂಗೆ ಹೆಂಗ್ ಗೊತ್ತು ಅತ್ತೆ, ನಾ ಸತ್ತದ್ದು?”

“ಮೊದ್ಲಿಂದ್ಲೂ ಹಿಂಗೇ ನೀನು. ಒಂದೂ ಕೆಲ್ಸ ನೆಟ್ಟಗೆ ಮಾಡೂದಿಲ್ಲ,” ಎಂದು ಹೊನ್ನತ್ತೆ ಐದು ನಿಮಿಷದ ಹಿಂದೆ ಹಾಡಿದ್ದೆಲ್ಲವನ್ನೂ ವಾಪಸು ಪಡೆದಳು.

ಸುಕ್ರನಿಗೆ ಅಂಗಿ ತೂತಾದದ್ದಕ್ಕಿಂತ ಇದು ಹೆಚ್ಚು ನಟ್ಟಿತು. ಅವನು ಬೇರೆ ಯಾರೂ ಅಲ್ಲ, ಗಂಗೆಯ ಒಡಹುಟ್ಟಿದ ಅಣ್ಣ. ಆರು ವರ್ಷದಿಂದ ಭಾವನ ನಂತರದ ಕವಳ ತಿಂದು ಬಾಯಿ ಕಹಿ ಮಾಡಿಕೊಂಡವನು. ಮರುದಿನವೇ ಅಂಕೋಲೆಯ ಬಸ್ ಸ್ಟ್ಯಾಂಡಿನ ಎದುರು ಕೂರುವ ಅರ್ಜಿ ಬರೆಯುವವನ ಹತ್ತಿರ ಮೂರು ಪ್ರತಿ ಟೈಪು ಮಾಡಿಸಿದ: ‘ಸದರಿ ಮಾಬ್ಲ ಗೌಡ ಇವರು ಹಂದಿಗೆ ಗುರಿಯಿಟ್ಟು ನನ್ನ ಅಂಗಿಯನ್ನು ಕೊಂದಿರುತ್ತಾರೆ. ಮುಂದೆ ಅಂಗಿಯ ಒಳಗೆ ನಾನು ಇರುವ ಸಂಭವ ಉಂಟು. ಕಾರಣ ಸದರಿ ಬಂದೂಕನ್ನು ಗುರಿ ಬಲ್ಲ ಬೇರೆ ಯಾರಿಗಾದರೂ, ಅಂದರೆ ಅರ್ಜಿದಾರನಿಗೆ, ಕೊಡಿಸಬೇಕಾಗಿ ಪ್ರಾರ್ಥನೆ.’

ಹದಿನೈದು ದಿನಕ್ಕೆ ಪೋಲೀಸ್ ಠಾಣೆಯಿಂದ ಉತ್ತರ ಬಂತು. ಮುಂದಿನ ತಿಂಗಳ ಮೊದಲ ಸೋಮವಾರ ಫೌಜದಾರ ಸಾಹೇಬರು ಖುದ್ದು ಬರುವರು. ಎಪ್ಪತ್ತು ಹೆಜ್ಜೆ ದೂರದಲ್ಲಿ ಮಡಕೆ. ಒಂದೇ ಗುಂಡು. ತಾಗಿದರೆ ಬಂದೂಕು ಮಾಬ್ಲನದು. ತಾಗದಿದ್ದರೆ ಠಾಣೆಗೆ ಜಮಾ, ಆಮೇಲೆ ಸುಕ್ರನ ಅರ್ಜಿ ವಿಚಾರಕ್ಕೆ.

ಮಾಬ್ಲನಿಗೆ ಆ ಕಾಗದದಲ್ಲಿ ಕಂಡದ್ದು ಬಂದೂಕಲ್ಲ. ಸುಕ್ರನ ಎದುರಿಗೆ ಹೋಗಿ ನಿಂತ ಕವಳದ ಹರಿವಾಣ.

ಅಂದಿನಿಂದ ಹಿಲ್ಲೂರಿನಲ್ಲಿ ಬಂದೂಕಿನ ವಿಷಯ ಗೊತ್ತಿಲ್ಲದವರು ಯಾರೂ ಉಳಿಯಲಿಲ್ಲ. ಮೊದಲು ಬಂದವನು ತಿಮ್ಮು. ಸುಕ್ರನನ್ನು ಕೊಂದವನು ತಾನೇ ಎಂಬುದನ್ನು ಮರೆತು ಜಗಲಿಯಲ್ಲಿ ಕಾಲು ಚಾಚಿ ಕೂತ.

“ನಳಿಗೆ ಡೊಂಕಾಗದೆ ಮಾಬ್ಲಣ್ಣ. ಆರ್ ವರ್ಷದಿಂದ ಅದ್ರ ಮೇಲೆ ಹಸಿ ಪಂಚೆ ಒಣಗ್ಸ್ತೆ ಇದ್ದೀರಿ. ಕಬ್ಬಿಣ ಆದ್ರೂ ಎಷ್ಟ್ ತಡ್ಕಂತದೆ?”

ನೂಲು ಹಿಡಿದು ನೋಡಿದರು. ನೂಲೇ ಡೊಂಕಾಗಿ ಕಂಡಿತು. ಗೋಡೆಗೆ ಒರಗಿಸಿ ನೋಡಿದರು. ಗೋಡೆ ಡೊಂಕು ಎಂದು ಸಾಬೀತಾಯಿತು. ಸಾವಿಗೆಂದು ಬಂದು, ಬಂದವಳು ಹಾಗೇ ಹೋದರೆ ಚೆನ್ನಾಗಿರುವುದಿಲ್ಲವೆಂದು ಉಳಿದುಕೊಂಡಿದ್ದ ಹೊನ್ನತ್ತೆ ಒಳಗಿನಿಂದ ತೀರ್ಪು ಕೊಟ್ಟಳು:

“ಡೊಂಕೂ ಇಲ್ಲ ಗಿಂಕೂ ಇಲ್ಲ. ದೃಷ್ಟಿ ತಾಗದೆ. ಗಂಗೇ, ಕುಂಕುಮ ಕಮ್ಮಿ ಆಗದೆ ನೋಡೇ ಅದಕ್ಕೆ.”

ಗಂಗೆ ಕುಂಕುಮದಲ್ಲಿ ಎಂದೂ ಕಮ್ಮಿ ಮಾಡಿದವಳಲ್ಲ. ಈ ಮಾತು ಅವಳಿಗೆ ಚುಚ್ಚಿತು. ಅಂದೇ ತಲೆಗೆ ಮಿಂದು, ಹಳೆಯ ಬೊಟ್ಟಿನ ಮೇಲೆ ಹೊಸ ಬೊಟ್ಟು ಇಟ್ಟು, ಹಿಡಿ ಅಕ್ಷತೆ ಒತ್ತಿದಳು. ಸಂಜೆ ಮಾಬ್ಲ ಗೇರುಮರಕ್ಕೆ ಒಂದು ಮಡಕೆ ಕಟ್ಟಿ ಹೊಡೆದ. ಗುಂಡು ಒಂದು ಮೊಳ ಎಡಕ್ಕೆ ಹೋಯಿತು.

“ಗೇಣು ಇದ್ದದ್ದು ಮೊಳ ಆಯ್ತಲ್ಲೇ!”

“ದೃಷ್ಟಿ ಬಿಡುವಾಗ ಒಂದ್ಸಲ ಜೋರಾಗೂದೇ,” ಎಂದಳು ಹೊನ್ನತ್ತೆ. ಅವಳ ಹತ್ತಿರ ಉತ್ತರವಿಲ್ಲದ ಪ್ರಶ್ನೆಯೇ ಇರಲಿಲ್ಲ.

ಕೊನೆಗೆ ಗಂಡ ಹೆಂಡತಿ ಬಂದೂಕನ್ನು ಹೊದಿಕೆಯಲ್ಲಿ ಸುತ್ತಿ ಕಾರವಾರದ ಬಸ್ಸು ಹತ್ತಿದರು. ಬಸ್ಸಿನಲ್ಲಿ ಯಾರ್ಯಾರದೋ ಮೈ ತಾಗಿ ಮೈಲಿಗೆಯಾದೀತೆಂದು ಗಂಗೆ ನಳಿಗೆಯ ತುದಿಗೆ ತನ್ನ ಮದುವೆಯ ಸೀರೆಯ ಚೂರು ಸುತ್ತಿ, ಮೇಲೊಂದು ಅಬ್ಬಲಿ ಹೂವಿನ ದಂಡೆ ಕಟ್ಟಿದ್ದಳು. ಮಡಿಲಲ್ಲಿ ಅದನ್ನು ಇಟ್ಟುಕೊಂಡು ಕೂತ ಅವಳನ್ನು ನೋಡಿ ಮೀನಿನ ಬುಟ್ಟಿಯವಳೊಬ್ಬಳು ಜಾಗ ಬಿಟ್ಟು ಎದ್ದು, ಯಾವ ದೇವರೆಂದೂ ಕೇಳದೆ ಕೈಮುಗಿದಳು. ಗಂಗೆ ತಡೆಯಲಿಲ್ಲ. ಕಂಡಕ್ಟರು ಕೂಡ ದೇವರಿಗೆ ಟಿಕೇಟು ಕೇಳಲಿಲ್ಲ.

ಶಿರವಾಡದಲ್ಲಿ ಸೋಮು ಮೇಸ್ತನ ಅಂಗಡಿ. ಹೊಲಿಗೆ ಯಂತ್ರ, ಸೀಮೆಎಣ್ಣೆ ಸ್ಟೋವು, ಬಂದೂಕು ಮೂರನ್ನೂ ಅವನು ಒಂದೇ ಗೌರವದಿಂದ ರಿಪೇರಿ ಮಾಡುತ್ತಿದ್ದ. ಮನೆಮಾತು ಕೊಂಕಣಿ. ಹಿಡಿಕೆಯ ತಿರುಪು ಅಲುಗಾಡುತ್ತಿದ್ದುದನ್ನು ಬಿಗಿಸಿದ. ಸರಳಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ತೂರಿಸಿ ಎಳೆದ. ಕಣಜದ ಮಣ್ಣಿನ ಗೂಡೊಂದು ಹೊರಬಿತ್ತು. ಅದನ್ನು ಅಂಗೈಮೇಲೆ ಇಟ್ಟುಕೊಂಡು ಮಾಬ್ಲನ ಮುಖ ನೋಡಿದ.

“ಅರೆ ದೇವಾ! ಇದು ಬಂದೂಕೋ, ಬಾಡಿಗೆ ಮನೆಯೋ?”

ಎಣ್ಣೆ ಹಾಕಿದ, ಒರೆಸಿದ, ಗುಂಡಿನ ಹೊಸ ತೋಟೆಗಳನ್ನು ಕೊಟ್ಟ. ಆಮೇಲೆ ತುದಿಯ ಬಟ್ಟೆಗೆ ಕೈ ಹಾಕಿದ.

“ಮೇಸ್ತ್ರೇ, ಅದಕ್ಕೆ ಕೈ ತಾಗಿಸ್ಬೇಡಿ,” ಎಂದು ಗಂಗೆ ಎದ್ದು ನಿಂತಳು. “ಒಳಗೆ ದೇವರ ಕುಂಕುಮ ಅದೆ.”

“ಬಾಯೇ, ಗುರಿ ನೋಡುದು ಅಲ್ಲಿಂದನೇ. ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಇರ್ತದೆ, ಹಿಂದೆ ಒಂದು ಕಚ್ಚು ಇರ್ತದೆ. ಮಣಿ ಕಚ್ಚಿನ ನಡುವೆ ಕೂತ್ರೆ ಗುಂಡು ನೆಟ್ಟಗೆ. ಮಣಿ ಒಂದು ಕೂದಲಷ್ಟು ಬಲಕ್ಕೆ ಹೋದ್ರೂ ಸಾಕು, ಗುಂಡು ಎಡಕ್ಕೆ. ಆ ಮಣಿ ನೋಡ್ಬೇಕು ನಾನು.”

“ಮಣಿ ಗಟ್ಟಿ ಅದೆ ಸೋಮಣ್ಣ,” ಎಂದ ಮಾಬ್ಲ ಹೆಮ್ಮೆಯಿಂದ. “ಅಲ್ಲಾಡೂದೇ ಇಲ್ಲ. ಅಡಿಕೆಯಷ್ಟು ದಪ್ಪ ಅದೆ.”

“ಅಡಿಕೆಯಷ್ಟು?”

“ಕೆಂಪಗೆ. ನಾ ಹೊಡೆಯುವಾಗ ಅದ್ನೇ ನೋಡಿ ಹೊಡಿಯೂದು.”

ಸೋಮು ಜೋಳದ ಕಾಳಿನಷ್ಟು ಮಣಿಯನ್ನು ಕಂಡವನು. ಸ್ವಲ್ಪ ಹೊತ್ತು ಯೋಚಿಸಿದ. ಗಂಗೆಯ ಮುಖ ನೋಡಿದ. ಆ ಮುಖ ನೋಡಿದ ಮೇಲೆ ಹೆಚ್ಚು ಯೋಚಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎನಿಸಿತು.

“ವಿಲಾಯತಿ ಮಾಲು,” ಎಂದ. “ದೊಡ್ಡದೇ ಇರ್ಬೇಕು. ದೇವರ ಕೆಲಸದಲ್ಲಿ ನಾನು ಕೈ ಹಾಕುದಿಲ್ಲ ಬಾಯೇ.”

ರಿಪೇರಿಯಾಗಿ ಬಂದ ಬಂದೂಕನ್ನು ಹಾಗೇ ಗೂಟಕ್ಕೆ ನೇತುಹಾಕುವುದುಂಟೇ? ಗಂಗೆ ಬಾಗಿಲಲ್ಲೇ ಆರತಿ ಎತ್ತಿ, ಕಾಯಿ ಒಡೆದು, ದಾರಿಯ ದೋಷವೆಲ್ಲ ಹೋಗಲೆಂದು ಧಾರಾಳವಾಗಿ ಕುಂಕುಮ ಮೆತ್ತಿದಳು. ಮರುದಿನ ಗುಂಡು ಒಂದು ಮಾರು ಎಡಕ್ಕೆ ಹೋಗಿ, ಗೇರುಮರದ ಆಚೆ ಒಣಗಹಾಕಿದ್ದ ಹೊನ್ನತ್ತೆಯ ಸೀರೆಗೆ ತಾಗಿತು.

ಹೊನ್ನತ್ತೆ ಅಂದೇ ಮಧ್ಯಾಹ್ನದ ಬಸ್ಸಿಗೆ ಬೊಬ್ರುವಾಡಕ್ಕೆ ಹೊರಟಳು. ಹೀಗೆ ಆ ಬಂದೂಕಿನಿಂದ ಒಂದು ಉಪಕಾರವೂ ಆಯಿತು.

ಮಾಬ್ಲ ಮಡಕೆಯ ಎದುರು ಕುಕ್ಕರುಗಾಲಲ್ಲಿ ಕೂತ. ಆ ಹೊತ್ತಿನಲ್ಲಿ ಅವನ ತಲೆಯೊಳಗೆ, ಬಹಳ ವರ್ಷಗಳ ಬಿಡುವಿನ ನಂತರ, ಒಂದು ಯೋಚನೆ ಹುಟ್ಟಿತು. ಬಂದೂಕು ಒಂದು ಮಾರು ಎಡಕ್ಕೆ ಹೋಗುವುದು ಖಂಡಿತ ಎಂದಾದರೆ, ತಾನು ಒಂದು ಮಾರು ಬಲಕ್ಕೆ ಗುರಿಯಿಟ್ಟರೇನು? ಎದ್ದ. ಮಡಕೆಯಿಂದ ಎರಡೂ ಕೈ ಚಾಚಿ ಒಂದು ಮಾರು ಅಳೆದು, ಬಲಕ್ಕೆ ಒಂದು ಕೋಲು ಊರಿದ. ಕೋಲಿಗೆ ಗುರಿಯಿಟ್ಟು ಹೊಡೆದ. ಮಡಕೆ ಚೂರಾಯಿತು. ಇನ್ನೊಂದು ಮಡಕೆ ಕಟ್ಟಿದ. ಅದೂ ಚೂರು. ಮೂರನೆಯದು ಗಂಗೆಯ ಸಾರಿನ ಮಡಕೆ. ಅದೂ ಚೂರು.

ಒಂದೇ ತೋಟೆ ಉಳಿಯಿತು. ಸೋಮವಾರಕ್ಕೆ ಅಷ್ಟೇ ಬೇಕು. ಉಳಿದ ನಾಲ್ಕು ದಿನ ಮಾಬ್ಲ ಕೇರಿಯಲ್ಲಿ ನಡೆದದ್ದು ಹಕ್ಕಿಯ ಕಣ್ಣು ಹೊಡೆಯುವವನ ಹಾಗೆ.

ಸೋಮವಾರ ಫೌಜದಾರ ಸಾಹೇಬರ ಜೀಪು ಬಂತು. ಹಲಸಿನ ಮರದ ಕೊಂಬೆಗೆ ಮಡಕೆ ಕಟ್ಟಲು ಮಾಬ್ಲ ಏಣಿ ಹತ್ತಿದ್ದ. ಊರಿಗೆ ಊರೇ ನೆರೆದಿತ್ತು. ಗುಂಡು ಎಡಕ್ಕೆ ಹೋಗುವುದು ಎಳೆಮಕ್ಕಳಿಗೂ ಗೊತ್ತಿದ್ದುದರಿಂದ ಎಲ್ಲರೂ ಬಲಕ್ಕೇ, ದೂರದ ಕಟ್ಟೆಯ ಮೇಲೆ ಕೂತಿದ್ದರು. ತಿಮ್ಮು ಕವಳದ ಹರಿವಾಣ ತಂದಿಟ್ಟಿದ್ದ. ಬೊಬ್ರುವಾಡದಿಂದ ಹೊನ್ನತ್ತೆ ಕೂಡ, ಈ ಸಲ ಯಾರಾದರೂ ನಿಜವಾಗಿ ಸತ್ತರೆ ಇರಲಿ ಎಂದು, ಬಂದಿದ್ದಳು.

ಡ್ರೈವರ್ ಜೀಪನ್ನು ಅದೇ ಹಲಸಿನ ನೆರಳಿಗೆ, ಮಡಕೆಯ ಬಲಕ್ಕೆ ತಂದು ನಿಲ್ಲಿಸಿದ.

“ಇಲ್ಲಿ ನಿಲ್ಲಿಸಿದ್ರೆ ತೊಂದರೆ ಇಲ್ಲ ತಾನೆ?” ಸಾಹೇಬರು ಕೇಳಿದರು.

“ಛೆ ಛೆ, ಅದ್ರಷ್ಟು ಭದ್ರ ಜಾಗ ಹಿಲ್ಲೂರಲ್ಲೇ ಇಲ್ಲ ಸಾಹೇಬ್ರೆ,” ಎಂದು ಅರ್ಜಿದಾರ ಸುಕ್ರ ಗೌಡನೇ ಜಾಮೀನು ನಿಂತ. “ಈ ಬಂದೂಕು ಬಲಕ್ಕೆ ಹೊಡೆದದ್ದು ನಮ್ಮ ಅಪ್ಪನ ಕಾಲ್ದಿಂದ ಇಲ್ಲ.”

ಸಾಹೇಬರು ಬಂದೂಕನ್ನು ಕೈಗೆತ್ತಿಕೊಂಡರು. ತುದಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಕೆಂಪು ಮುದ್ದೆ. ‘ಅಂಗಿಯನ್ನು ಕೊಂದಿರುತ್ತಾರೆ’ ಎಂಬ ಅರ್ಜಿಯ ಮಾತು ಅವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು.

“ಏನಿದು? ರಕ್ತ!”

ಕಿಸೆಯಿಂದ ಚೂರಿ ತೆಗೆದು, ಕೆಳಗೆ ಕಾಗದ ಹಿಡಿದು, ಆರು ವರ್ಷದ ಭಕ್ತಿಯನ್ನು ಕೆರೆದು ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು ಕಿಸೆಗೆ ಹಾಕಿಕೊಂಡರು. ಚೂರು ಕೂಡ ಉಳಿಯದಂತೆ ಕರವಸ್ತ್ರದಿಂದ ತಿಕ್ಕಿ ಒರೆಸಿದರು. ಸರಕಾರಿ ಕೆಲಸ ಅಷ್ಟು ಶುದ್ಧವಾಗಿ ನಡೆದದ್ದನ್ನು ಹಿಲ್ಲೂರು ಅದೇ ಮೊದಲು ನೋಡಿತು. ಗಂಗೆ ಚಿಟ್ಟನೆ ಚೀರಿದಳು. ನಾಲ್ವರು ಹೆಂಗಸರು ಅವಳನ್ನು ಹಿಡಿದುಕೊಂಡರು.

ಮಾಬ್ಲ ಏಣಿ ಇಳಿದು ಬಂದ.

“ಹೌದ್ರಾ, ದೇವರ ಕುಂಕುಮ ಒರೆಸಿ ಹಾಕ್ದ್ರು! ಪೊಟ್ಣ ಕಟ್ಕಂಡಿ ಕಿಸೆಗೆ ಹಾಕ್ಕಂಡ್ರು!”

“ಹೋಗ್ಲಿ ಬಿಡೇ,” ಎಂದ ಮಾಬ್ಲ. ಅವನ ಲಕ್ಷ್ಯ ಹರಿವಾಣದ ಮೇಲಿತ್ತು. “ನಾಳೆ ಮತ್ತೆ ಹಚ್ಚಿದ್ರಾಯ್ತು.”

ಎಪ್ಪತ್ತು ಹೆಜ್ಜೆ ಎಣಿಸಿ ನಿಂತ. ಬಂದೂಕು ಎತ್ತಿದ. ತುದಿಯಲ್ಲಿ ಏನೋ ಬೋಳುಬೋಳು ಅನಿಸಿತು. ಜೋಳದ ಕಾಳಿನಷ್ಟು ಹಿತ್ತಾಳೆಯ ಮಣಿಯೊಂದು ಹೊಸದಾಗಿ ಮಿನುಗುತ್ತಿತ್ತು. ಇರಲಿ, ಎಂದುಕೊಂಡ. ಮಡಕೆ ನೋಡಿದ. ಅಲ್ಲಿಂದ ಕಣ್ಣಳತೆಯಲ್ಲೇ ಒಂದು ಮಾರು ಬಲಕ್ಕೆ ಅಳೆದ. ಅಲ್ಲಿ ಜೀಪಿನ ಎಡಗಡೆಯ ದೀಪ ಅವನನ್ನೇ ನೋಡುತ್ತಿತ್ತು. ಕೋಲಿಗಿಂತ ಒಳ್ಳೆಯ ಗುರುತು. ಮಾಬ್ಲ ನಿಶ್ಚಿಂತೆಯಿಂದ ನಳಿಗೆಯನ್ನು ಸರಕಾರದ ಜೀಪಿನತ್ತ ತಿರುಗಿಸಿದ.

ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದ ಡ್ರೈವರ್ ಬೀಡಿಯನ್ನೂ ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿದ.

“ರೀ! ಅವನ್ಯಾಕೆ ಜೀಪಿನ ಕಡೆ ಹಿಡಿದಿದ್ದಾನೆ?”

“ಗಾಬರಿ ಬೇಡ ಸಾಹೇಬ್ರೆ,” ಎಂದ ಸುಕ್ರ ಕಾಲ ಮೇಲೆ ಕಾಲು ಹಾಕಿಕೊಂಡು. “ಅದ್ನೇ ನಾನು ಅರ್ಜಿಯಲ್ಲಿ ಬರೆದದ್ದು.”

ಢಂ!

ಮಡಕೆ ಗಾಳಿಗೆ ಮೆಲ್ಲನೆ ತೂಗುತ್ತಿತ್ತು. ದೀಪದ ನಟ್ಟನಡುವೆ, ಗೆರೆ ಎಳೆದು ಅಳೆದ ಹಾಗೆ, ಒಂದು ತೂತು. ಆಮೇಲೆ ಗಾಜು ತಾನಾಗಿ ಝಲ್ಲನೆ ಉದುರಿತು.

ಸಾಹೇಬರು ಜೀಪಿನ ಹತ್ತಿರ ಹೋದರು, ತೂತಿನಲ್ಲಿ ಬೆರಳಿಟ್ಟು ನೋಡಿದರು, ಮರಳಿ ಬಂದು ಮಾಬ್ಲನ ಎದುರು ನಿಂತರು.

“ಗುರಿ ಇಟ್ಟದ್ದು ಎಲ್ಲಿಗೆ?”

ಮಾಬ್ಲ ಲೆಕ್ಕ ಹಾಕಿದ. ಮಡಕೆಗೆ ಎಂದರೆ ಗುರಿಯಿಲ್ಲದವನೆಂದು ಸರಕಾರಿ ಕಾಗದದಲ್ಲೇ ಬರೆಯುತ್ತಾರೆ. ಬಂದೂಕು ಹೋಗುತ್ತದೆ, ಹೆಸರೂ ಹೋಗುತ್ತದೆ. ದೀಪಕ್ಕೆ ಎಂದರೆ ಸರಕಾರದ ಆಸ್ತಿಗೆ ಗುಂಡು ಹೊಡೆದ ತಪ್ಪು. ಬಂದೂಕು ಹೇಗೂ ಹೋಗುತ್ತದೆ. ಕಟ್ಟೆಯ ಮೇಲೆ ಕವಳದ ಹರಿವಾಣ ಇತ್ತು. ಸುಕ್ರನ ಕೈ ಆಗಲೇ ಅದರಿಂದ ಒಂದು ಗೇಣು ದೂರದಲ್ಲಿತ್ತು.

ಮಾಬ್ಲ ಎದೆ ಸೆಟೆಸಿದ.

“ದೀಪಕ್ಕೇ ಸಾಹೇಬ್ರೆ.”

“ದೀಪಕ್ಕೆ?”

“ಎಡದ್ದಕ್ಕೆ. ಬಲದ್ದೂ ಆಗ್ಬೇಕು ಅಂದ್ರೆ ಇನ್ನೊಂದ್ ತೋಟೆ ಕೊಡಿ.”

ಸಾಹೇಬರು ಅಲ್ಲೇ ಕೂತು ಎರಡು ಕಾಗದ ಬರೆದರು. ಮೊದಲನೆಯದು: ಸದರಿ ಮಾಬ್ಲ ಗೌಡ ಇವರಿಗೆ ಗುರಿ ಇಲ್ಲವೆಂಬ ಅರ್ಜಿದಾರರ ಮಾತು ಶುದ್ಧ ಸುಳ್ಳೆಂದು ಕಣ್ಣಾರೆ ಕಂಡುಬಂದಿದೆ. ಎರಡನೆಯದು: ಇಂಥ ಗುರಿಕಾರನ ಕೈಯಲ್ಲಿ ಬಂದೂಕು ಇರುವುದು ಸರಕಾರಕ್ಕೆ ಕ್ಷೇಮವಲ್ಲವಾದ್ದರಿಂದ ಅದನ್ನು ಜಮಾ ಮಾಡಿಕೊಳ್ಳಲಾಗಿದೆ. ಎರಡಕ್ಕೂ ಸಾಕ್ಷಿ ಸಹಿ ಸುಕ್ರನದು. ಸಹಿ ಹಾಕಿದ ಮೇಲೆ ಅವನು ತಾನೇ ಎದ್ದು, ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು ಮಾಬ್ಲನ ಮುಂದೆ ತಂದ.

“ತಕಳಿ ಭಾವಾ. ನಂಗೆ ಗೊತ್ತಿತ್ತಿಲ್ಲ. ಅಂದು ಹಂದಿ ಬಿಟ್ಟು ನನ್ ಅಂಗಿಗೆ ಹೊಡೆದದ್ದೂ ಬೇಕಂತ್ಲೇ ಇರ್ಬೇಕಲ್ಲ?”

ಮಾಬ್ಲ ಎಲೆಗೆ ಸುಣ್ಣ ಹಚ್ಚುತ್ತಾ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಸುಕ್ರ ಅಂದಿನಿಂದ ಭಾವನ ಎದುರು ಎದೆಯ ಮೇಲೆ ಕಿಸೆಯಿರುವ ಅಂಗಿ ತೊಡುವುದನ್ನು ಬಿಟ್ಟಿದ್ದಾನೆ. ಬಂದೂಕಿಲ್ಲದ ಬಂದೂಕಿನ ಮನೆಗೆ ಮೊದಲ ಕವಳ ಈಗಲೂ ನಡೆದಿದೆ.

ಸಮಾಧಾನವಾಗದವಳು ಗಂಗೆ ಒಬ್ಬಳೇ. ಬಂದೂಕು ಠಾಣೆಯಲ್ಲಿದ್ದರೇನು, ಆಯುಧ ಪೂಜೆ ತಪ್ಪಿಸುವುದುಂಟೇ? ಪ್ರತಿವರ್ಷ ಹೂವು, ಕಾಯಿ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಅವಳು ಠಾಣೆಗೆ ಹೋಗುತ್ತಾಳೆ. ಜೊತೆಗೆ ಒಂದು ಡಬ್ಬಿ ತುಂಬ ಕಾಯಿಕಡುಬು ಒಯ್ಯುವುದರಿಂದ ಪೋಲೀಸರು ಬಂದೂಕಿನ ಕೋಣೆಯ ಬೀಗ ತೆಗೆದುಕೊಡುತ್ತಾರೆ. ಪಕ್ಕದಲ್ಲಿ ಸರಕಾರಿ ರೈಫಲ್ಲುಗಳು ಐದು ಸಾಲಾಗಿ ಬೋಳು ತಲೆಯಲ್ಲಿ ನಿಂತಿರುತ್ತವೆ. ನಮ್ಮದೊಂದಕ್ಕೇ ಹಚ್ಚಿ ಅವುಗಳನ್ನು ಹಾಗೇ ಬಿಟ್ಟು ಬರಲು ಗಂಗೆಗೆ ಮನಸ್ಸಾಗುವುದಿಲ್ಲ.

ಮೂರನೆಯ ವರ್ಷ ಪೋಲೀಸರಿಗೆ ಗುಂಡು ಹೊಡೆಯುವ ಪರೀಕ್ಷೆಯಾಯಿತಂತೆ. ಆ ಠಾಣೆಯ ಐವರ ಗುಂಡೂ ಒಂದೊಂದು ಗೇಣು ಎಡಕ್ಕೆ ಹೋದವಂತೆ. ಮೇಲಿನವರು ಕಾರಣ ಕೇಳಿ ಕಾಗದ ಬರೆದಿದ್ದಾರೆ. ಐದೂ ರೈಫಲ್ಲುಗಳನ್ನು ತಿರುಪು ಬಿಗಿಸಲು ಶಿರವಾಡದ ಸೋಮು ಮೇಸ್ತನಲ್ಲಿಗೆ ಕಳಿಸುವುದೆಂದು ತೀರ್ಮಾನವಾಗಿದೆ.

ತುದಿಯನ್ನು ಮಾತ್ರ ಯಾರೂ ಮುಟ್ಟಕೂಡದೆಂದು ಗಂಗೆ ಹೇಳಿ ಬಂದಿದ್ದಾಳೆ.